ಸಹಾಯ ಬೇಕು: ಪಣಜಿಯ ಮಿರಾಮಾರ್ ಬೀಚಿಗೆ ವಯಸ್ಸಾದವರನ್ನು ಕರೆದುಕೊಂಡು ಹೋಗುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಹಿಂದೂ-ಕ್ರೈಸ್ತ ಐಕ್ಯದ ಗುರುತಾಗಿ ಮಿರಾಮಾರ್ ಬೀಚಿನಲ್ಲಿ ನಿಲ್ಲಿಸಿರುವ ಸ್ಮಾರಕವನ್ನು ಅಮ್ಮನಿಗೆ ತೋರಿಸಬೇಕು. ಅಮ್ಮ ಒಬ್ಬರೇ ಅಲ್ಲ, ನಮ್ಮ ಪಕ್ಕದ ಮನೆಯ ಕ್ರೈಸ್ತ ಅಜ್ಜಿಯೂ ಬರುತ್ತಾರೆ. ಇಬ್ಬರದೂ 40 ವರ್ಷದ ಗೆಳೆತನ. ಕ್ರಿಸ್‌ಮಸ್‌ಗೆ ಅಲ್ಲಿಂದ ಕುಸ್ವಾರ್ ತಿಂಡಿಗಳು, ಯುಗಾದಿಗೆ ಇಲ್ಲಿಂದ ಹೋಳಿಗೆ, ಒಂದು ವರ್ಷವೂ ತಪ್ಪಿಲ್ಲ. ಆ ಸ್ಮಾರಕದ ಮುಂದೆ ಇಬ್ಬರನ್ನೂ ನಿಲ್ಲಿಸಿ ಒಂದು ಫೋಟೋ ತೆಗೆಯಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಹೊರಡುತ್ತೇವೆ. ಪಣಜಿಯ ಕದಂಬ ಬಸ್ ನಿಲ್ದಾಣದಿಂದ ಬೀಚಿಗೆ ಸಿಟಿ ಬಸ್ಸು ಸಾಕಾ, ಆಟೋನೇ ಒಳ್ಳೆಯದಾ? ಅಮ್ಮನಿಗೆ ಮಂಡಿ ನೋವು ಜಾಸ್ತಿ. ಮರಳಿನಲ್ಲಿ ನಡೆಯಲು ಆಗುವುದಿಲ್ಲ. ರಸ್ತೆಯಿಂದ ಸ್ಮಾರಕದವರೆಗೆ ಎಷ್ಟು ನಡೆಯಬೇಕು? ಮೆಟ್ಟಿಲುಗಳಿವೆಯಾ? ಕೂರಲು ನೆರಳು ಸಿಗುತ್ತದಾ?

ಹತ್ತಿರದಲ್ಲೇ ಗೋವಾದ ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್ ಅವರ ಸಮಾಧಿಯೂ ಇದೆ. ಅದನ್ನೂ ನೋಡುತ್ತೇವೆ. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ಅಲ್ಲಿ ಮಾಂಡೋವಿಯಾಗಿ ಸಮುದ್ರ ಸೇರುತ್ತಾಳೆ ಅಲ್ವಾ, ಅದನ್ನು ಕಣ್ಣಾರೆ ನೋಡಬೇಕು ಎಂದು ಅಮ್ಮ ದಿನಾ ಹೇಳುತ್ತಾರೆ.

ಡಿಸೆಂಬರ್ ಮೊದಲ ವಾರ ಹೋಗುವ ಯೋಚನೆ. ಬೆಳಿಗ್ಗೆ ಒಳ್ಳೆಯದಾ, ಸಂಜೆಯಾ? ವಯಸ್ಸಾದವರ ಜೊತೆ ಹೋಗಿ ಬಂದವರು ದಯವಿಟ್ಟು ತಿಳಿಸಿ.