'ಕತ್ತಲೆ ಕ್ರಿಯೆ'ಗೆ ಬದಲಿ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲ್ ಮಕ್ಕಳಿಗಾಗಿ ದ್ಯುತಿಸಂಶ್ಲೇಷಣೆಯ ಬಗ್ಗೆ ಒಂದು ಸಣ್ಣ ಬರಹ ಮಾಡುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ಕೈ ನಿಂತಿದೆ. ಡಾರ್ಕ್ ರಿಯಾಕ್ಷನ್ ಅಂತಾರಲ್ಲ, ಅದನ್ನು ಕನ್ನಡದಲ್ಲಿ 'ಕತ್ತಲೆ ಕ್ರಿಯೆ' ಅಂತ ಬರೆದುಬಿಡುತ್ತೇವೆ. ಅದನ್ನು ಓದಿದ ಮಗುವಿಗೆ ಏನನ್ನಿಸುತ್ತದೆ? ಗಿಡಕ್ಕೆ ಎರಡು ಪಾಳಿ ಕೆಲಸ. ಹಗಲು ಬೆಳಕಿನ ಕ್ರಿಯೆ, ರಾತ್ರಿ ಕತ್ತಲೆ ಕ್ರಿಯೆ. ನಿಜ ಸಂಗತಿ ಹೀಗಿಲ್ಲ. ಅದಕ್ಕೇ ಈ ಪ್ರಶ್ನೆ.

ಮೊದಲು ನಡೆಯುವುದೇನು ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. ಎಲೆಯೊಳಗಿನ ಪತ್ರಹರಿತ್ತು ಬೆಳಕನ್ನು ಹೀರಿಕೊಳ್ಳುತ್ತದೆ. ಆ ಶಕ್ತಿಯಿಂದ ನೀರು ಒಡೆಯುತ್ತದೆ. ಆಕ್ಸಿಜನ್ ಹೊರಗೆ ಹೋಗುತ್ತದೆ. ಜೊತೆಗೆ ಎಟಿಪಿ, ಎನ್‌ಎಡಿಪಿಎಚ್ ಅನ್ನುವ, ಆ ಶಕ್ತಿಯನ್ನು ಹೊತ್ತುಕೊಳ್ಳುವ ಎರಡು ವಸ್ತುಗಳು ತಯಾರಾಗುತ್ತವೆ. ಇದು ಮೊದಲ ಹಂತ. ಎರಡನೇ ಹಂತದಲ್ಲಿ ಗಿಡ ಈ ಎರಡನ್ನೂ ಖರ್ಚು ಮಾಡಿ, ಗಾಳಿಯಿಂದ ಬಂದ ಇಂಗಾಲದ ಡೈಆಕ್ಸೈಡನ್ನು ಸಕ್ಕರೆ ಮಾಡುತ್ತದೆ. ನಾವು 'ಕತ್ತಲೆ' ಅಂತ ಕರೆಯುತ್ತಿರುವುದು ಈ ಎರಡನೇ ಹಂತವನ್ನು.

ಆದರೆ ಬೆಳಕು ಹೋದರೆ ಈ ಹಂತವೂ ಸ್ವಲ್ಪ ಹೊತ್ತಿನಲ್ಲೇ ನಿಲ್ಲುತ್ತದೆ. ಎಟಿಪಿ, ಎನ್‌ಎಡಿಪಿಎಚ್ ಎರಡೂ ರಾತ್ರಿಗೆ ಕೂಡಿಟ್ಟುಕೊಳ್ಳುವ ಸಾಮಾನಲ್ಲ. ಆಗಿಂದಾಗಲೇ ಆಗಬೇಕು, ಆಗಿಂದಾಗಲೇ ಖರ್ಚಾಗಬೇಕು. ಅಷ್ಟೇ ಅಲ್ಲ. ಇಂಗಾಲದ ಡೈಆಕ್ಸೈಡನ್ನು ಹಿಡಿದು ಸೇರಿಸುವ ರುಬಿಸ್ಕೊ ಅನ್ನುವ ಕಿಣ್ವ ಚುರುಕಾಗುವುದೇ ಬೆಳಕು ಬಿದ್ದಾಗ. ಅದರ ಜೊತೆಗಾರ ಕಿಣ್ವಗಳು ಕೆಲವು ಕತ್ತಲಲ್ಲಿ ಹೆಚ್ಚುಕಡಿಮೆ ಮಲಗಿಬಿಡುತ್ತವೆ. ಅಮೆರಿಕದ ಬರ್ಕ್ಲಿಯಲ್ಲಿ ಮೆಲ್ವಿನ್ ಕ್ಯಾಲ್ವಿನ್, ಆಂಡ್ರೂ ಬೆನ್ಸನ್, ಜೇಮ್ಸ್ ಬ್ಯಾಶಮ್ ಇವರ ತಂಡ ಪಾಚಿಗೆ ವಿಕಿರಣಶೀಲ ಇಂಗಾಲ ಕೊಟ್ಟು, ಸುತ್ತಿ ಮತ್ತೆ ಮೊದಲಿಗೇ ಬಂದು ಸೇರುವ ಈ ಚಕ್ರದ ದಾರಿಯನ್ನು ಹುಡುಕಿತು. ಅವರು ದೀಪ ಆರಿಸಿ ನೋಡಿದರು. ಆರಿಸಿದ ಕೂಡಲೇ ಚಕ್ರದ ಒಂದು ಕಡೆ ಸರಕು ಗುಡ್ಡೆಯಾಯಿತು, ಇನ್ನೊಂದು ಕಡೆ ಬರಿದಾಯಿತು. ಅಂದರೆ ಕತ್ತಲಾದಾಗ ಕೆಟ್ಟು ನಿಂತದ್ದು 'ಕತ್ತಲೆ' ಕ್ರಿಯೆಯೇ. ತಮಾಷೆ ಅಲ್ವಾ?

ಹಾಗಾದರೆ ಈ ಹೆಸರು ಬಂದದ್ದು ಹೇಗೆ? 1905ರಲ್ಲಿ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಬ್ಲ್ಯಾಕ್‌ಮನ್ ಒಂದು ಸಂಗತಿ ಎತ್ತಿ ತೋರಿಸಿದರು. ಬೆಳಕು ಮಂದವಾಗಿದ್ದಾಗ ಬಿಸಿ ಹೆಚ್ಚಿಸಿದರೂ ಗಿಡದ ಕೆಲಸ ಜಾಸ್ತಿಯಾಗುವುದಿಲ್ಲ. ಬೆಳಕು ಜೋರಾಗಿದ್ದಾಗ ಬಿಸಿ ಹೆಚ್ಚಿಸಿದರೆ, ಒಂದು ಮಿತಿಯವರೆಗೆ, ಜಾಸ್ತಿಯಾಗುತ್ತದೆ. ಬೆಳಕಿನಿಂದ ನೇರವಾಗಿ ನಡೆಯುವ ಕೆಲಸಕ್ಕೆ ಬಿಸಿಯ ಹಂಗು ಅಷ್ಟಿಲ್ಲ. ಹಾಗಾಗಿ ಒಳಗೆ ಬೆಳಕಿನ ನೇರ ಕೈವಾಡವಿಲ್ಲದ, ಸಾಮಾನ್ಯ ರಾಸಾಯನಿಕ ಕ್ರಿಯೆಯಂಥದ್ದು ಇನ್ನೊಂದು ಹೆಜ್ಜೆ ಇರಬೇಕು ಅಂತ ತಿಳಿಯಿತು. ಮುಂದೆ 1932ರಲ್ಲಿ ಎಮರ್ಸನ್ ಮತ್ತು ಆರ್ನಾಲ್ಡ್ ಅನ್ನುವ ವಿಜ್ಞಾನಿಗಳು ಪಾಚಿಯ ಮೇಲೆ ಬೆಳಕನ್ನು ಮಿಂಚು ಹೊಡೆಸಿದಂತೆ ಬಿಟ್ಟು ಬಿಟ್ಟು ಹಾಯಿಸಿದರು. ಎರಡು ಮಿಂಚುಗಳ ನಡುವಿನ ಕತ್ತಲೆಯಲ್ಲೂ ಕೆಲಸ ಮುಂದುವರಿಯುತ್ತಿತ್ತು. ಆ ಕತ್ತಲೆ ಸೆಕೆಂಡಿನ ಒಂದು ಚೂರು ಮಾತ್ರ. ನಮ್ಮ ಮಗು ಅಂದುಕೊಳ್ಳುವ ರಾತ್ರಿ ಅಲ್ಲ. 'ಬೆಳಕು ನೇರವಾಗಿ ಬೇಕಿಲ್ಲ' ಅನ್ನುವಷ್ಟೇ ಅರ್ಥದ ಮಾತು ಕನ್ನಡಕ್ಕೆ ಬರುವಾಗ ಪೂರ್ತಿ ಕತ್ತಲಾಗಿಬಿಟ್ಟಿದೆ.

ಈಗ ಬದಲಿ ಪದಗಳು. 'ಬೆಳಕು ಬೇಡದ ಹಂತ' ಅನ್ನಬಹುದು. ಮೇಲೆ ಹೇಳಿದಂತೆ ಅದೂ ಅರ್ಧ ಸತ್ಯ, ಬೆಳಕು ಬೇಕೇ ಬೇಕು. 'ಕ್ಯಾಲ್ವಿನ್ ಚಕ್ರ' ಅಂದರೆ ತಕರಾರಿಲ್ಲ. ಆದರೆ ಹೆಸರು ಕೇಳಿದರೆ ಒಳಗೆ ಏನಾಗುತ್ತದೆ ಅಂತ ಒಂದು ಚೂರೂ ತಿಳಿಯುವುದಿಲ್ಲ. (1961ರ ನೊಬೆಲ್ ಕ್ಯಾಲ್ವಿನ್ ಒಬ್ಬರಿಗೇ ಬಂತು. ಬೆನ್ಸನ್ ಹೆಸರನ್ನೂ ಸೇರಿಸಿ ಹೇಳುವವರು ಈಗ ಇದ್ದಾರೆ, ಅದೇ ನ್ಯಾಯ ಅಂತ ನನಗೂ ಅನ್ನಿಸುತ್ತದೆ.) 'ಇಂಗಾಲ ಸ್ಥಿರೀಕರಣ' ಪುಸ್ತಕದ ಮಾತು, ಪರೀಕ್ಷೆಗೆ ಸರಿ.

ನನಗೆ ಹಿಡಿಸಿರುವ ಜೋಡಿ ಇದು: 'ಬೆಳಕು ಹಿಡಿಯುವ ಹಂತ', 'ಸಕ್ಕರೆ ಕಟ್ಟುವ ಹಂತ'. 'ಕಟ್ಟು' ಯಾಕೆ ಅಂದರೆ, ನಮ್ಮ ಹೊಲದ ಮಾತಿನಲ್ಲಿ ಅದು ಮೊದಲೇ ಇದೆ. ತೆನೆ ಕಾಳು ಕಟ್ಟುತ್ತದೆ. ಮರ ಕಾಯಿ ಕಟ್ಟುತ್ತದೆ. ಕಾಳಿನೊಳಗೆ ಬಂದು ಕೂರುವ ಹಿಟ್ಟೂ ಎಲೆಯಲ್ಲಿ ಈ ಎರಡನೇ ಹಂತದಲ್ಲಿ ಹುಟ್ಟಿದ ಸಕ್ಕರೆಯೇ ತಾನೇ? ಚೂರು ಚೂರು ಸೇರಿ ಒಂದು ವಸ್ತು ರೂಪ ತಳೆಯುವುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಸಲೀಸಾದ ಕ್ರಿಯಾಪದ ನನಗಂತೂ ಹೊಳೆಯುತ್ತಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಚಕ್ರದಿಂದ ನೇರವಾಗಿ ಹೊರಬರುವುದು ಗ್ಲೂಕೋಸ್ ಅಲ್ಲ, ಡಬ್ಬಿಯ ಸಕ್ಕರೆಯೂ ಅಲ್ಲ. ಮೂರು ಇಂಗಾಲದ ಒಂದು ಪುಟ್ಟ ಸಕ್ಕರೆ. ಅದರಿಂದ ಆಮೇಲೆ ಪಿಷ್ಟ, ಸುಕ್ರೋಸ್ ಎಲ್ಲ ಆಗುತ್ತವೆ. ಆದರೆ 'ಸಕ್ಕರೆ ಕಾಯಿಲೆ' ಅನ್ನುವಾಗ ರಕ್ತದಲ್ಲಿ ಇರುವುದು ಗ್ಲೂಕೋಸ್. ಅಲ್ಲಿ ನಡೆದ ಮಾತು ಇಲ್ಲೂ ನಡೆಯಬೇಕು.

'ದ್ಯುತಿಸಂಶ್ಲೇಷಣೆ'ಯನ್ನೇ ಬಿಟ್ಟುಬಿಡಿ ಅಂತ ಕೆಲವರು ಹೇಳಬಹುದು. ನಾನು ಅದರ ತಂಟೆಗೆ ಹೋಗುವುದಿಲ್ಲ. ನಾಲಿಗೆಗೆ ಕಷ್ಟ ನಿಜ, ಆದರೆ ಅದಕ್ಕೆ ನಂಟರಿದ್ದಾರೆ. ಬಿಡಿಸಿ ನೋಡುವುದು ವಿಶ್ಲೇಷಣೆ, ಕೂಡಿಸಿ ಕಟ್ಟುವುದು ಸಂಶ್ಲೇಷಣೆ. ಒಂದೇ ಮಾತಿಗೆ ಎರಡು ಅರ್ಥ ಅಂಟಿಕೊಂಡರೆ ಶ್ಲೇಷೆ. ನಮ್ಮ ರೈತರ ಆಶ್ಲೇಷ ಮಳೆಯೂ ಅದೇ ಬೇರಿನದು. ಅಕ್ಕಪಕ್ಕದವರಲ್ಲಿ ಹಿಂದಿ, ಮರಾಠಿ, ಮಲಯಾಳದವರು 'ಪ್ರಕಾಶ'ವನ್ನು ಮುಂದಿಟ್ಟುಕೊಂಡರು. ತೆಲುಗಿನವರದು 'ಕಿರಣಜನ್ಯ ಸಂಯೋಗ ಕ್ರಿಯ'. ತಮಿಳಿನ 'ಒಳಿಚ್ಚೇರ್ಕೈ' ಮಾತ್ರ ಚೊಕ್ಕವಾಗಿದೆ: ಬೆಳಕು, ಸೇರಿಕೆ, ಮುಗಿಯಿತು. ಇಂಗ್ಲಿಷಿನಲ್ಲೂ ಈ ಪದ ತಾನಾಗಿ ಬಂದದ್ದಲ್ಲ. 1893ರಲ್ಲಿ ಚಾರ್ಲ್ಸ್ ಬಾರ್ನ್ಸ್ ಅನ್ನುವ ಸಸ್ಯಶಾಸ್ತ್ರಜ್ಞ ಎರಡು ಪದ ಮುಂದಿಟ್ಟರು, ಫೋಟೋಸಿಂಟ್ಯಾಕ್ಸ್ ಮತ್ತು ಫೋಟೋಸಿಂಥೆಸಿಸ್. ಅವರ ಒಲವು ಮೊದಲನೆಯದರ ಕಡೆಗಿತ್ತು. ಜನ ಎರಡನೆಯದನ್ನು ಹಿಡಿದರು. ಪದ ಕಟ್ಟಿದವರ ಇಷ್ಟ ನಡೆಯುವುದು ಅಷ್ಟರಲ್ಲೇ ಇದೆ. ನನ್ನ 'ಸಕ್ಕರೆ ಕಟ್ಟುವ ಹಂತ'ಕ್ಕೂ ಅದೇ ಗತಿ ಆಗಬಹುದು, ಬೇಜಾರಿಲ್ಲ.

'ಕತ್ತಲೆ ಕ್ರಿಯೆ' ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ನಿಜವಾಗಿಯೂ ರಾತ್ರಿ ಕೆಲಸ ಮಾಡುವ ಗಿಡಗಳು ಬೇರೆ ಇವೆ! ಪಾಪಾಸುಕಳ್ಳಿ, ಅನಾನಸ್, ಭೂತಾಳೆ, ಕಾಡುಬಸಳೆ ಇಂಥವು. ಹಗಲು ಪತ್ರರಂಧ್ರ ತೆರೆದರೆ ನೀರು ಆವಿಯಾಗಿ ಹೋಗುತ್ತದೆ ಅಂತ ಇವು ರಾತ್ರಿ ತೆರೆಯುತ್ತವೆ. ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತವೆ. ಬೆಳಗಾದ ಮೇಲೆ ಬಾಗಿಲು ಮುಚ್ಚಿಕೊಂಡು ಆ ಆಮ್ಲದಿಂದ ಮತ್ತೆ ಇಂಗಾಲದ ಡೈಆಕ್ಸೈಡ್ ಬಿಡಿಸಿಕೊಂಡು ಸಕ್ಕರೆ ಕಟ್ಟುತ್ತವೆ. ಅಂದರೆ ಇಲ್ಲೂ ಸಕ್ಕರೆ ಕಟ್ಟುವುದು ಹಗಲಿನಲ್ಲೇ. ರಾತ್ರಿ ನಡೆಯುವುದು ಬರೀ ಶೇಖರಣೆ. ಎಲ್ಲ ಗಿಡಕ್ಕೂ 'ಕತ್ತಲೆ ಕ್ರಿಯೆ' ಅಂತ ಹೇಳಿಕೊಟ್ಟ ಮೇಷ್ಟ್ರು ಕಳ್ಳಿಯ ಪಾಠಕ್ಕೆ ಬಂದಾಗ ಏನು ಮಾಡಬೇಕು ಹೇಳಿ.

ರಾತ್ರಿ ಕೂಡಿಟ್ಟ ಈ ಆಮ್ಲದ ಹುಳಿ, ನಮ್ಮ ಸೀಮೆಗೆ ನಂಟಿರುವ ಒಬ್ಬರ ನಾಲಿಗೆಗೆ ಹಿಂದೆಯೇ ಸಿಕ್ಕಿತ್ತು. ಬೆಂಜಮಿನ್ ಹೇನ್ ಅಂತ ಜರ್ಮನಿ ಮೂಲದ ಸಸ್ಯಶಾಸ್ತ್ರಜ್ಞ. ಕಂಪನಿ ಸರ್ಕಾರದಲ್ಲಿದ್ದರು. ಟಿಪ್ಪುವಿನ ನಂತರ ಲಾಲ್‌ಬಾಗಿನ ಉಸ್ತುವಾರಿಯೂ ಕೆಲಕಾಲ ಅವರ ಮೇಲಿತ್ತು. ಭಾರತದಲ್ಲಿ ಕಾಡುಬಸಳೆಯ ಎಲೆ ಅಗಿದು ನೋಡಿದ ಅನುಭವವನ್ನು ಅವರು 1813ರಲ್ಲಿ ಕಾಗದ ಬರೆದು ತಿಳಿಸಿದರು. ಬೆಳಿಗ್ಗೆ ಎಲೆ ಹುಳಿ. ಮಧ್ಯಾಹ್ನಕ್ಕೆ ಸಪ್ಪೆ. ಸಂಜೆ ಹೊತ್ತಿಗೆ ಸ್ವಲ್ಪ ಕಹಿ. ರಾತ್ರಿ ಕೂಡಿಟ್ಟ ಆಮ್ಲ ಹಗಲಿನಲ್ಲಿ ಖರ್ಚಾಗುತ್ತಿತ್ತು, ಅಷ್ಟೇ. (ರುಚಿ ನೋಡೋಣ ಅಂತ ಯಾರೂ ಹೊರಡಬೇಡಿ. ಆ ಗಿಡ ಮೇಯ್ದ ದನಗಳು ವಿಷವೇರಿ ಸತ್ತದ್ದುಂಟು.)

ಹಾಗಾಗಿ ನನ್ನ ಕೇಳಿಕೆ ಎರಡು. ಒಂದು, 'ಸಕ್ಕರೆ ಕಟ್ಟುವ ಹಂತ'ಕ್ಕಿಂತ ಒಳ್ಳೆಯದು, ಚಿಕ್ಕದು ನಿಮ್ಮ ಹತ್ತಿರ ಇದೆಯೇ? ಪಾಠ ಮಾಡುವವರು ತರಗತಿಯಲ್ಲಿ ಬಾಯಿಮಾತಿನಲ್ಲಿ ಏನು ಹೇಳುತ್ತೀರಿ ಅನ್ನುವುದೂ ಬೇಕು, ಪುಸ್ತಕದಲ್ಲಿ ಇರುವುದು ಮಾತ್ರ ಅಲ್ಲ. ಇನ್ನೊಂದು, ಕಾಡುಬಸಳೆಯೋ ಬೇರೆ ಯಾವ ಗಿಡವೋ, ಬೆಳಗಿನ ಎಲೆ ಹುಳಿ, ಮಧ್ಯಾಹ್ನದ ಎಲೆ ಸಪ್ಪೆ ಅನ್ನುವ ಮಾತು ನಿಮ್ಮ ಕಡೆ ಇದೆಯೇ? ನಾಟಿ ಔಷಧಿ ಕೊಡುವವರು 'ಇಂಥ ಹೊತ್ತಿನಲ್ಲೇ ಎಲೆ ಕೀಳಬೇಕು' ಅನ್ನುವುದನ್ನು ಕೇಳಿದ್ದರೆ, ಅವರ ಮಾತನ್ನು ಅವರು ಹೇಳಿದ ಹಾಗೆಯೇ ಬರೆದು ಕಳಿಸಿ. ಯಾವ ಸೀಮೆಯದು ಅಂತ ಸೇರಿಸಿ.