ಪಾರದರ್ಶಕ ಪಾಲಿಕಾರ್ಬೊನೇಟ್ ಬೆಸುಗೆ: ಅವಕೆಂಪು ಹೀರುವ ವರ್ಣಕ ಮೋಲ್ಡಿಂಗ್‌ನಲ್ಲೇ ಹಾಳಾಗುವುದೇಕೆ?

ಪ್ರಶ್ನೆ (ಮೋಲ್ಡಿಂಗ್ ಎಂಜಿನಿಯರ್, ಪೀಣ್ಯ)

ಮಾನ್ಯರೇ, ನಮ್ಮದು ಪ್ಲಾಸ್ಟಿಕ್ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕ. ವೈದ್ಯಕೀಯ ಸಾಧನವೊಂದಕ್ಕಾಗಿ ಎರಡು ಪಾಲಿಕಾರ್ಬೊನೇಟ್ ಭಾಗಗಳನ್ನು 808 ನ್ಯಾನೋಮೀಟರ್ ಡಯೋಡ್ ಲೇಸರ್‌ನಿಂದ ಬೆಸೆಯಬೇಕಾಗಿದೆ. ಮೇಲಿನ ಭಾಗವು ಕಿರಣವನ್ನು ಹಾಯಗೊಡಬೇಕು, ಕೆಳಗಿನದು ಅದನ್ನು ಹೀರಿ ಕಾದು ಕರಗಬೇಕು. ಸಾಮಾನ್ಯವಾಗಿ ಕೆಳಗಿನ ಭಾಗಕ್ಕೆ ಕಾರ್ಬನ್ ಬ್ಲ್ಯಾಕ್ ಬೆರೆಸುತ್ತಾರೆ, ಆದರೆ ಒಳಗೆ ಹರಿಯುವ ದ್ರವವು ಎರಡೂ ಕಡೆಯಿಂದ ಕಾಣಬೇಕೆಂಬುದು ಗ್ರಾಹಕರ ಷರತ್ತು.

ಆದ್ದರಿಂದ ಹೆಪ್ಟಾಮೀಥೀನ್ ಸಯನೀನ್ (ಏಳು ಕಾರ್ಬನ್‌ಗಳ ಸರಪಳಿಯುಳ್ಳ ಸಾವಯವ ವರ್ಣಕ) ಗುಂಪಿನ ವರ್ಣಕವೊಂದನ್ನು ತರಿಸಿದೆವು. ದ್ರಾವಣದಲ್ಲಿ ಪರೀಕ್ಷಿಸಿದಾಗ ಅದರ ಹೀರಿಕೆಯ ಶೃಂಗ (ಅತಿ ಹೆಚ್ಚು ಹೀರುವ ತರಂಗಾಂತರ) 810ರ ಆಸುಪಾಸಿನಲ್ಲೇ ಇತ್ತು. ಗ್ರ್ಯಾನ್ಯೂಲ್‌ಗೆ ಬೆರೆಸಿ 290 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಚ್ಚು ಹೊಯ್ದಾಗ ಮಾತ್ರ ತಿಳಿಹಸಿರು ಬಣ್ಣ ಹೋಗಿ ಭಾಗಗಳು ಹಳದಿಗೆ ತಿರುಗಿದವು, ಬೆಸುಗೆಯೂ ಹತ್ತಲಿಲ್ಲ. ತಪ್ಪು ನಮ್ಮ ಪ್ರಕ್ರಿಯೆಯದೋ, ವರ್ಣಕದ್ದೋ? ಕಣ್ಣಿಗೆ ಸ್ವಲ್ಪವೂ ಬಣ್ಣ ಕಾಣದಂಥ ವರ್ಣಕವಾದರೂ ಇದೆಯೇ?

ಉತ್ತರ 1 (ಸಾವಯವ ರಸಾಯನಶಾಸ್ತ್ರದ ಅಧ್ಯಾಪಕಿ)

ನಿಮ್ಮ ಕೈತಪ್ಪು ಇದರಲ್ಲಿ ಹೆಚ್ಚೇನೂ ಇಲ್ಲ. 808 ನ್ಯಾನೋಮೀಟರ್ ಬೆಳಕನ್ನು ಹೀರಿಸುವ ಗುಣವೇ ಆ ಅಣುವನ್ನು ದುರ್ಬಲಗೊಳಿಸಿರುತ್ತದೆ.

1240 ಎಂಬ ಸಂಖ್ಯೆಯನ್ನು ನ್ಯಾನೋಮೀಟರಿನಲ್ಲಿರುವ ತರಂಗಾಂತರದಿಂದ ಭಾಗಿಸಿದರೆ ಬೆಳಕಿನ ಕಣದ ಶಕ್ತಿ ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ ದೊರೆಯುತ್ತದೆ. 450ರ ನೀಲಿ ಬೆಳಕಿಗೆ ಅದು 2.76, ನಿಮ್ಮ ಲೇಸರ್‌ಗೆ ಕೇವಲ 1.53. ಅಣುವಿನ ಎರಡು ಎಲೆಕ್ಟ್ರಾನ್ ಮಟ್ಟಗಳ ನಡುವಿನ ಅಂತರವು ಬೆಳಕಿನ ಕಣದ ಶಕ್ತಿಗೆ ಹೊಂದಿದಾಗ ಅಣು ಆ ಬೆಳಕನ್ನು ಹೀರುತ್ತದೆ. ಅಷ್ಟು ಕಿರಿದಾದ ಅಂತರವನ್ನು ಪಡೆಯಲು ಅಣುವಿನಲ್ಲಿ ಎಲೆಕ್ಟ್ರಾನುಗಳು ಓಡಾಡುವ ಹಾದಿಯನ್ನು ಉದ್ದಗೊಳಿಸಬೇಕು. ಆದರೆ ಉದ್ದವೊಂದೇ ಸಾಲದು. ಗಜ್ಜರಿಯ ಬೀಟಾ ಕೆರೋಟೀನ್‌ನಲ್ಲಿ ಒಂದರ ಪಕ್ಕ ಒಂದರಂತೆ ಹನ್ನೊಂದು ದ್ವಿಬಂಧಗಳಿದ್ದರೂ ಅದು ಹೀರುವುದು 450ರ ಸುತ್ತಲಿನ ಬೆಳಕನ್ನೇ, ಏಕೆಂದರೆ ಅಲ್ಲಿ ಗಿಡ್ಡ ಬಂಧ, ಉದ್ದ ಬಂಧ ಎಂಬ ಭೇದ ಉಳಿದುಕೊಂಡಿರುತ್ತದೆ. ಸಯನೀನ್‌ನಲ್ಲಿ ಸರಪಳಿಯ ಎರಡು ತುದಿಗಳ ನೈಟ್ರೋಜನ್‌ಗಳು ಒಂದೇ ಧನ ಆವೇಶವನ್ನು ಹಂಚಿಕೊಳ್ಳುವುದರಿಂದ ನಡುವಿನ ಬಂಧಗಳೆಲ್ಲ ಹೆಚ್ಚುಕಡಿಮೆ ಸಮನಾಗುತ್ತವೆ. ಹೀಗಾಗಿ ಎರಡು ಕಾರ್ಬನ್‌ಗಳನ್ನು ಸೇರಿಸಿದಂತೆಲ್ಲ ಹೀರಿಕೆಯು ಸುಮಾರು 100 ನ್ಯಾನೋಮೀಟರಿನಷ್ಟು ಕೆಂಪಿನತ್ತ ಸರಿಯುತ್ತದೆ: ಸರಪಳಿಯಲ್ಲಿ ಮೂರು ಕಾರ್ಬನ್‌ಗಳಿದ್ದರೆ 550ರ ಸುಮಾರು, ಐದಿದ್ದರೆ 650, ಏಳಿದ್ದರೆ 750. ತುದಿಯ ಉಂಗುರಗಳನ್ನು ಹಿಗ್ಗಿಸಿದರೆ 800ನ್ನೂ ದಾಟಬಹುದು. 1856ರಲ್ಲಿ ಗ್ರೆವಿಲ್ ವಿಲಿಯಮ್ಸ್ ಕ್ವಿನೋಲಿನ್‌ನಿಂದ ಪಡೆದ ಮೊದಲ ಸಯನೀನ್ ನೀಲಿ ಬಣ್ಣದ್ದಾಗಿತ್ತು. ಹೆಸರು ಬಂದದ್ದು ಅದರಿಂದಲೇ.

ಈ ಅಂತರ ಕಿರಿದಾಗುವಾಗ ಸಾಮಾನ್ಯವಾಗಿ ಎಲೆಕ್ಟ್ರಾನುಗಳಿರುವ ಕೊನೆಯ ಮಟ್ಟವು ಮೇಲೇರುತ್ತದೆ, ಅಂದರೆ ಅಣುವು ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಟ್ಟು ಉತ್ಕರ್ಷಣಕ್ಕೆ ಒಳಗಾಗುತ್ತದೆ. ಉದ್ದ ಸರಪಳಿಯ ಮೇಲೆ ಆಮ್ಲಜನಕವೂ ಸರಿಯಾಗಿ ಒಣಗದ ಗ್ರ್ಯಾನ್ಯೂಲ್‌ನ ತೇವವೂ 290 ಡಿಗ್ರಿಯಲ್ಲಿ ಎರಗಿದರೆ ಅದು ತುಂಡಾಗುತ್ತದೆ. ತುಂಡುಗಳು ಗಿಡ್ಡವಾದ್ದರಿಂದ ನೀಲಿ ಬೆಳಕನ್ನು ಹೀರುತ್ತವೆ. ನಿಮ್ಮ ಭಾಗಗಳ ಹಳದಿ ಬಣ್ಣಕ್ಕೆ ಅದೇ ಕಾರಣ.

ಬಣ್ಣವೇ ಇಲ್ಲದ ವರ್ಣಕದ ಆಸೆಯನ್ನು ಬಿಡುವುದು ಒಳ್ಳೆಯದು. 810ರಲ್ಲಿ ಶೃಂಗವಿರುವ ಸಯನೀನ್‌ಗೆ 730ರ ಸುಮಾರಿನಲ್ಲಿ ಒಂದು ಭುಜ (ಶೃಂಗದ ಪಕ್ಕದ ಸಣ್ಣ ಉಬ್ಬು) ಇರುತ್ತದೆ. ಅದರ ಬಾಲವು ಕೆಂಪು ಬೆಳಕನ್ನು ಕಬಳಿಸುವುದರಿಂದ ಉಳಿದ ಬೆಳಕು ಹಸಿರಾಗಿ ಕಾಣುತ್ತದೆ. ಪ್ರಮಾಣವನ್ನು ತಗ್ಗಿಸಿದರೆ ಅದು ಗಮನಕ್ಕೆ ಬಾರದಷ್ಟು ಮಸುಕಾಗಬಹುದು.

ಉತ್ತರ 2 (ಮುದ್ರಣ ಫಲಕಗಳ ತಯಾರಿಕೆಯಲ್ಲಿದ್ದವರು, ಈಗ ನಿವೃತ್ತರು)

ಮೇಡಂ ಹೇಳಿದ್ದು ಸರಿ. ಆದರೆ ಉದ್ಯಮವು ಈ ದೌರ್ಬಲ್ಯದ ಜೊತೆಗೇ ಬಾಳಲು ಕಲಿತಿದೆ ಎಂಬುದನ್ನೂ ಸೇರಿಸಬೇಕು. ನನ್ನ ಮಟ್ಟಿಗೆ ಈ ವರ್ಣಕಗಳ ಬಳಕೆಯಲ್ಲಿ ಎರಡೇ ಬಗೆ: ವರ್ಣಕವು ಒಮ್ಮೆ ಕೆಲಸ ಮಾಡಿ ಅಳಿದರೂ ನಷ್ಟವಿಲ್ಲದ ಕಡೆ, ಮತ್ತು ಅದು ವರ್ಷಗಟ್ಟಲೆ ಉಳಿಯಲೇಬೇಕಾದ ಕಡೆ.

ನಾವು ತಯಾರಿಸುತ್ತಿದ್ದ ಥರ್ಮಲ್ ಮುದ್ರಣ ಫಲಕಗಳು ಮೊದಲನೆಯ ಬಗೆಗೆ ಸೇರಿದವು. 830 ನ್ಯಾನೋಮೀಟರ್ ಲೇಸರ್ ತಾಗಿದೊಡನೆ ಲೇಪನದಲ್ಲಿರುವ ಸಯನೀನ್ ಆ ಬೆಳಕನ್ನು ಶಾಖವಾಗಿ ಬದಲಿಸಿ ಲೇಪನದ ಕರಗುವ ಗುಣವನ್ನು ಮಾರ್ಪಡಿಸುತ್ತದೆ. ಆ ಬಳಿಕ ವರ್ಣಕ ಉಳಿಯಿತೋ ಹೋಯಿತೋ ಯಾರೂ ಕೇಳುವುದಿಲ್ಲ. 1959ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಂಡೋಸಯನೀನ್ ಗ್ರೀನ್ ಎಂಬ ವೈದ್ಯಕೀಯ ವರ್ಣಕವೂ ಇದೇ ಬಗೆಯದು, ಅದು ರಕ್ತದಲ್ಲಿ ಕೆಲವೇ ನಿಮಿಷ ನಿಂತು ಯಕೃತ್ತಿನ ಮೂಲಕ ಹೊರಬೀಳುತ್ತದೆ; ಕಣ್ಣಿನ ಹಿಂಪದರದ ರಕ್ತನಾಳಗಳನ್ನು ನೋಡುವ ವೈದ್ಯರಿಗೆ ಅಷ್ಟು ಸಮಯ ಸಾಕು.

ಎರಡನೆಯ ಬಗೆಗೆ ಒಳ್ಳೆಯ ಉದಾಹರಣೆ ಹಳೆಯ ಪ್ಲಾಸ್ಮಾ ಟಿವಿ. ಅದರೊಳಗಿನ ಕ್ಸೆನಾನ್ ಅನಿಲವು 800ರಿಂದ 1000 ನ್ಯಾನೋಮೀಟರ್‌ಗಳ ನಡುವೆ ಸೂಸುತ್ತಿದ್ದ ಬೆಳಕು ರಿಮೋಟ್‌ನ ಸಂಕೇತಗಳನ್ನು ಕೆಡಿಸುತ್ತಿತ್ತು. ಅದನ್ನು ತಡೆಯಲು ಪರದೆಯ ಫಿಲ್ಟರ್‌ನಲ್ಲಿ ಡೈಇಮೋನಿಯಂ ಲವಣಗಳೆಂಬ ಅವಕೆಂಪು ಹೀರುವ ವರ್ಣಕಗಳನ್ನು ಬಳಸಿದರು. ಇಂಥ ಕಡೆ, ಹಾಗೆಯೇ ಲೇಸರ್ ರಕ್ಷಣೆಯ ಕನ್ನಡಕಗಳಲ್ಲಿ, ಥಾಲೋಸಯನೀನ್ ಮತ್ತು ನಿಕಲ್ ಡೈಥಯೋಲೀನ್‌ಗಳಂಥ ಗಟ್ಟಿ ಅಣುಗಳಿಗೆ ಬೆಲೆ. ಬರೆಯಬಲ್ಲ ಸಿಡಿಗಳು ಎರಡರ ನಡುವೆ ಸಿಕ್ಕಿಬಿದ್ದವು: 780 ನ್ಯಾನೋಮೀಟರ್ ಲೇಸರ್ ಬರೆಯುವಾಗ ವರ್ಣಕ ಕೆಡಬೇಕು, ಬರೆಯದ ಜಾಗದಲ್ಲಿ ಅದು ಕೆಡಬಾರದು. ಮೊದಲು ಸಯನೀನ್‌ನಿಂದ ಆರಂಭಿಸಿದವರಲ್ಲಿ ಕೆಲವರು ಮುಂದೆ ಥಾಲೋಸಯನೀನ್‌ಗೆ ಹೋದದ್ದು ಅದಕ್ಕೇ.

ನಿಮ್ಮ ಕೆಲಸವಂತೂ ಮೊದಲನೆಯ ಬಗೆಯದು. ಆದ್ದರಿಂದ ವರ್ಣಕವನ್ನು ಕರಗಿದ ಪ್ಲಾಸ್ಟಿಕ್ಕಿಗೆ ಬೆರೆಸಲೇಬೇಡಿ. ಎಥನಾಲ್‌ನಲ್ಲಿ ಕರಗಿಸಿ, ಬೆಸುಗೆಯ ಗೆರೆ ಬರುವಲ್ಲಿ ಮಾತ್ರ ತೆಳುವಾಗಿ ಹಚ್ಚಿ ಒಣಗಿಸಿ. ಅಸಿಟೋನ್ ಬೇಡ, ಪಾಲಿಕಾರ್ಬೊನೇಟ್ ಸೀಳುತ್ತದೆ. ಪ್ರಮಾಣದ ಲೆಕ್ಕವೂ ಸರಳ: ಮೋಲಾರ್ ಹೀರಿಕೆ (ವರ್ಣಕವು ಬೆಳಕನ್ನು ಎಷ್ಟು ಬಲವಾಗಿ ಹೀರುತ್ತದೆಂಬ ಅಳತೆ) 2.5 ಲಕ್ಷವಿರುವ, ಅಣುತೂಕ 700ರಷ್ಟಿರುವ ವರ್ಣಕವಾದರೆ ಚದರ ಸೆಂಟಿಮೀಟರಿಗೆ 1.4 ಮೈಕ್ರೊಗ್ರಾಂ ಸಾಕು, ಲೇಸರ್‌ನ ಶೇಕಡ 68ರಷ್ಟು ಆ ಪದರದಲ್ಲೇ ನಿಲ್ಲುತ್ತದೆ. ಅಷ್ಟು ತೆಳುಪದರದ ಹಸಿರನ್ನು ಹುಡುಕಿಯೇ ನೋಡಬೇಕು.

ಉತ್ತರ 3 (ಮಾಸ್ಟರ್‌ಬ್ಯಾಚ್, ಅಂದರೆ ಪ್ಲಾಸ್ಟಿಕ್ಕಿಗೆ ಬೆರೆಸುವ ಸಾಂದ್ರ ವರ್ಣಕ ಮಿಶ್ರಣದ ತಯಾರಕರು)

ಹಚ್ಚುವುದು ಉತ್ಪಾದನೆಯಲ್ಲಿ ಒಂದು ಹೆಚ್ಚುವರಿ ಹಂತ. ದಿನಕ್ಕೆ ಸಾವಿರಾರು ಭಾಗಗಳಾದರೆ ಬೆರೆಸುವ ದಾರಿಯನ್ನು ಪೂರ್ತಿ ಕೈಬಿಡಬೇಕಾಗಿಲ್ಲ. ಲ್ಯಾಂಥನಮ್ ಹೆಕ್ಸಾಬೋರೈಡ್‌ನ ನ್ಯಾನೋ ಕಣಗಳು ಸಾವಯವ ವರ್ಣಕಗಳಲ್ಲ. ಮೋಲ್ಡಿಂಗ್‌ನ ಶಾಖವನ್ನು ಅವು ನಿರಾಯಾಸವಾಗಿ ತಾಳುತ್ತವೆ. ಆದರೆ ಅವುಗಳ ಹೀರಿಕೆ 1000 ನ್ಯಾನೋಮೀಟರ್ ಸುತ್ತ ಹರಡಿರುವುದರಿಂದ 808ಕ್ಕಿಂತ 980ರ ಲೇಸರ್ ಅವಕ್ಕೆ ಹೆಚ್ಚು ಹೊಂದುತ್ತದೆ. ಕಣಗಳು ಗಂಟುಗಟ್ಟಿದರೆ ಭಾಗವು ಮಂಜಾಗುತ್ತದೆ ಎಂಬುದನ್ನೂ ನೆನಪಿಡಿ.

ಪ್ರಶ್ನೆ ಕೇಳಿದವರು

ತಮ್ಮೆಲ್ಲರಿಗೂ ವಂದನೆಗಳು. ಎಥನಾಲ್ ದ್ರಾವಣವನ್ನು ಫೆಲ್ಟ್ ತುದಿಯಿಂದ ಎಳೆದು ಹತ್ತು ಜೋಡಿಗಳನ್ನು ಬೆಸೆದೆವು. ಎಂಟು ಜೋಡಿಗಳು ಸೋರಿಕೆ ಪರೀಕ್ಷೆಯಲ್ಲಿ ನಿಂತವು. ಉಳಿದೆರಡರಲ್ಲಿ ಗೆರೆ ದಪ್ಪವಾದ ಕಡೆ ಗುಳ್ಳೆಗಳೆದ್ದಿವೆ. ಬೆಸೆದ ಮೇಲೆ ಹಸಿರು ಬಹುತೇಕ ಮಾಯವಾಗಿದೆ.

ಉತ್ತರ 1ರ ಅಧ್ಯಾಪಕಿ

ಮಾಯವಾದದ್ದು ಬಣ್ಣ ಮಾತ್ರ, ಒಡೆದ ಅಣುವಿನ ತುಂಡುಗಳು ಅಲ್ಲೇ ಇರುತ್ತವೆ. ದ್ರವ ಹರಿಯುವ ವೈದ್ಯಕೀಯ ಭಾಗವಾದ್ದರಿಂದ ಐಎಸ್‌ಒ 10993ರ (ವೈದ್ಯಕೀಯ ಸಾಧನ ದೇಹಕ್ಕೆ ಸುರಕ್ಷಿತವೇ ಎಂದು ನೋಡುವ ಮಾನದಂಡ) ಪರೀಕ್ಷೆಗೆ ಬರಿಯ ವರ್ಣಕವನ್ನಲ್ಲ, ಬೆಸೆದು ಮುಗಿಸಿದ ಭಾಗವನ್ನೇ ಕಳುಹಿಸಿ.