ಅಪ್‌ಡೇಟ್: ಬಲಗಣ್ಣಿನ ಹಿಂದಿನ ನೋವು ಸೈನಸ್ ಅಲ್ಲವಂತೆ

ನಡುರಾತ್ರಿ ಬಲಗಣ್ಣಿನ ಹಿಂದೆ ಕಾದ ಸಲಾಕೆ ಚುಚ್ಚಿದಂತೆ ನೋವೆದ್ದು, ಅದೇ ಬದಿಯ ಮೂಗು ಮಾತ್ರ ಕಟ್ಟಿ ನೀರು ಸುರಿಯುವುದು ಸೈನಸ್ ತೊಂದರೆಯೇ ಎಂದು ಕಳೆದ ತಿಂಗಳು ಕೇಳಿದ್ದೆ. ಅದು ಕ್ಲಸ್ಟರ್ ತಲೆನೋವು (ಒಂದೇ ಬದಿಯ ಕಣ್ಣಿನ ಸುತ್ತ ಸರಣಿಯಾಗಿ ಮರಳಿ ಮರಳಿ ಬರುವ ತೀವ್ರ ನೋವು) ಎಂದು ಈಗ ಖಚಿತವಾಗಿದೆ. ಚಿಕ್ಕಮಗಳೂರಿನಲ್ಲಿ ಮೊದಲು ತೋರಿಸಿದಲ್ಲಿ ಎರಡು ಸಲ ಆ್ಯಂಟಿಬಯಾಟಿಕ್ ಕೊಟ್ಟಿದ್ದರು. ಕಾಫಿ ಒಣಗಿಸುವ ಕಣದ ಧೂಳೇ ಕಾರಣವೆಂದು ನಾನೂ ನಂಬಿದ್ದೆ.

ಹಾಸನದ ನರರೋಗ ತಜ್ಞರು ವಿವರಿಸಿದಂತೆ, ಮುಖದ ಸಂವೇದನೆಯನ್ನು ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ನರ ಕೆರಳಿದಾಗ, ಮೂಗಿನ ಹಿಂಭಾಗದ ಸ್ಫೀನೋಪ್ಯಾಲಟೈನ್ ನರಗಂಟಿನ ಮೂಲಕ ಅದೇ ಬದಿಯ ಒಳಪೊರೆಯ ರಕ್ತನಾಳಗಳು ಹಿಗ್ಗಿ ಪೊರೆ ಊದಿಕೊಳ್ಳುತ್ತದೆ, ಗ್ರಂಥಿಗಳು ನೀರು ಸುರಿಸುತ್ತವೆ. ಇದಕ್ಕೆ ಸೋಂಕು ಕಾರಣವಲ್ಲ. ನೋವಿಲ್ಲದ ದಿನ ಎಂಡೋಸ್ಕೋಪಿ ಮಾಡಿದಾಗ ನನ್ನ ಮೂಗಿನೊಳಗೆ ಯಾವ ದೋಷವೂ ಕಾಣಲಿಲ್ಲ. ಕಾಯಿಲೆ ಗುರುತಿಸಲು ನಿಜಕ್ಕೂ ನೆರವಾದದ್ದು, ನೋವಿನ ನಡುವೆ ನನ್ನ ಪತ್ನಿ ಮೊಬೈಲಿನಲ್ಲಿ ತೆಗೆದಿದ್ದ ಫೋಟೊ (ಆಗ ಆಕೆಯನ್ನು ಗದರಿದ್ದೆ): ಬಲಗಣ್ಣು ಕೆಂಪಾಗಿ, ರೆಪ್ಪೆ ಜೋತು ಬಿದ್ದಿತ್ತು.

ಈಗ ನೋವು ಶುರುವಾದೊಡನೆ ಮಾಸ್ಕ್ ಹಾಕಿಕೊಂಡು ನಿಮಿಷಕ್ಕೆ 12 ಲೀಟರಿನಂತೆ 15 ನಿಮಿಷ ಶುದ್ಧ ಆಮ್ಲಜನಕ ಪಡೆಯುತ್ತೇನೆ. ನೋವು ಇಳಿಯುತ್ತಿದ್ದಂತೆ ಮೂಗೂ ತಾನಾಗಿ ಬಿಡುತ್ತದೆ. ತಡೆಗಟ್ಟಲು ವೆರಪಾಮಿಲ್ ಮಾತ್ರೆ ನಡೆದಿದ್ದು, ಅದು ಹೃದಯದ ಬಡಿತದ ಮೇಲೆ ಪರಿಣಾಮ ಬೀರಬಹುದಾದ್ದರಿಂದ ಪ್ರಮಾಣ ಹೆಚ್ಚಿಸುವಾಗಲೆಲ್ಲ ಇಸಿಜಿ ತೆಗೆಯುತ್ತಾರೆ. ಮೂಗಿನ ಸ್ಪ್ರೇ ನಿಲ್ಲಿಸಿದ್ದೇನೆ.